ಮೆದುಳಿನ ಕಿಟ್ಟ ಹೋಯಿತು, ಮರೆವು ಹೋಗಲಿಲ್ಲ

ಅಲ್ಝೈಮರ್ಸ್ ಔಷಧಗಳ ಬಗ್ಗೆ ಏನೇ ಸುದ್ದಿ ಬಂದರೂ ನನಗೆ ಮೊದಲು ನೆನಪಾಗುವುದು 0.45 ಎಂಬ ಅಂಕಿ. ಲೆಕಾನೆಮ್ಯಾಬ್ ಎಂಬ ಔಷಧವನ್ನು 1,795 ಮಂದಿಯ ಮೇಲೆ 18 ತಿಂಗಳು ಪ್ರಯೋಗ ಮಾಡಿ ನೋಡಿದರು. ಅರ್ಧ ಜನರಿಗೆ ಔಷಧ, ಇನ್ನರ್ಧ ಜನರಿಗೆ ಔಷಧವಿಲ್ಲದ ಬರೀ ಡ್ರಿಪ್. ಕೊನೆಗೆ ಎರಡು ಗುಂಪಿನ ನಡುವೆ ಕಂಡ ಅಂತರ 0.45 ಅಂಕ. ಮರೆವಿನ ತೀವ್ರತೆ ಅಳೆಯುವ ಆ ಪರೀಕ್ಷೆಯ ಒಟ್ಟು ಅಂಕ 18. ಇದರ ಆಧಾರದ ಮೇಲೆ 2023ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಔಷಧಕ್ಕೆ ಪೂರ್ಣ ಒಪ್ಪಿಗೆ ಕೊಟ್ಟಿತು. ಕಾಯಿಲೆಯ ಬೇರಿಗೇ ಕೈಹಾಕುವ ಔಷಧ ಕೊನೆಗೂ ಸಿಕ್ಕಿತು ಎಂದು ಕೆಲವರು ಸಂಭ್ರಮಿಸಿದರು. ಇದೇನು ಮಹಾ ಎಂದು ಕೆಲವರು ಮೂಗು ಮುರಿದರು. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಅಂಕಿ.

ಅಂಕ ಹಾಕುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಇದಕ್ಕೆ ಯಂತ್ರ ಇಲ್ಲ, ಎರಡು ಮಾತುಕತೆ ಇದೆ. ಮೊದಲ ಮಾತುಕತೆ ಮನೆಯವರ ಜೊತೆ. 'ಕಳೆದ ಒಂದು ವಾರದಲ್ಲಿ ಇವರು ಮರೆಯಬಾರದಂಥ ಏನಾದರೂ ನಡೆದಿದೆಯಾ? ಕಳೆದ ಒಂದು ತಿಂಗಳಲ್ಲಿ?' ಮಗಳು ನೆನಪು ಮಾಡಿಕೊಂಡು ಹೇಳುತ್ತಾಳೆ: ಭಾನುವಾರ ಚಿಕ್ಕಮ್ಮ ಬಂದಿದ್ದರು, ಜೊತೆಗೆ ಅವರ ಮಗನೂ ಇದ್ದ, ಸಂಜೆವರೆಗೂ ಮಾತಾಡಿಕೊಂಡು ಕೂತಿದ್ದರು. ಕೇಳುವವರು ಅದನ್ನೆಲ್ಲ ಬರೆದುಕೊಳ್ಳುತ್ತಾರೆ. ಆಮೇಲೆ ಮಗಳು ಹೊರಗೆ, ಅಮ್ಮ ಒಳಗೆ. 'ಭಾನುವಾರ ಏನು ಮಾಡಿದಿರಿ ಅಮ್ಮಾ?' ಅಮ್ಮ ನಗುತ್ತಾರೆ. 'ಭಾನುವಾರ ಏನಿರುತ್ತೆ, ಮನೆಯಲ್ಲೇ ಇದ್ದೆ.' ಯಾರಾದರೂ ಬಂದಿದ್ದರಾ ಎಂದರೆ, 'ಬರ್ತಾ ಇರ್ತಾರೆ ಯಾರಾದರೂ.' ಎಷ್ಟು ಸಹಜವಾದ ಉತ್ತರ ನೋಡಿ. ಮಗಳ ಮಾತು ಪಕ್ಕದಲ್ಲಿ ಇಲ್ಲದಿದ್ದರೆ ತಪ್ಪು ಗೊತ್ತೇ ಆಗುವುದಿಲ್ಲ.

ಹೀಗೆ ಆರು ವಿಷಯ ನೋಡುತ್ತಾರೆ. ನೆನಪು, ದಿನ ಮತ್ತು ಜಾಗದ ಅರಿವು, ಯೋಚನೆ ಮಾಡಿ ನಿರ್ಧರಿಸುವ ಶಕ್ತಿ, ಹೊರಗಿನ ವ್ಯವಹಾರ, ಮನೆಗೆಲಸ ಮತ್ತು ಹವ್ಯಾಸ, ಸ್ನಾನ ಬಟ್ಟೆಯಂಥ ಸ್ವಂತ ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ. ಸೊನ್ನೆ ಅಂದರೆ ತೊಂದರೆ ಇಲ್ಲ. ಅರ್ಧ ಅಂದರೆ ಏನೋ ಸ್ವಲ್ಪ ಏರುಪೇರು. 3 ಅಂದರೆ ಪೂರ್ತಿ ಪರಾವಲಂಬನೆ. ಅಂಕ ಜಾಸ್ತಿಯಾದಷ್ಟೂ ಕೆಟ್ಟದ್ದು. ಒಬ್ಬ ಮನುಷ್ಯನ ಅಂಕ ಅರ್ಧಕ್ಕಿಂತ ಕಡಿಮೆ ಲೆಕ್ಕದಲ್ಲಿ ಏರಿಳಿಯುವುದಿಲ್ಲ. ಅಂದರೆ 0.45 ಎಂಬ ವ್ಯತ್ಯಾಸವನ್ನು ಯಾವ ರೋಗಿಯೂ ಅನುಭವಿಸಲು ಸಾಧ್ಯವೇ ಇಲ್ಲ. ಅದು ಗುಂಪಿನ ಸರಾಸರಿ ಮಾತ್ರ.

18 ತಿಂಗಳಲ್ಲಿ ಬರೀ ಡ್ರಿಪ್ ಪಡೆದವರ ಅಂಕ 1.66 ಕೆಟ್ಟಿತು. ಔಷಧ ಪಡೆದವರದ್ದು 1.21. ಇಬ್ಬರದ್ದೂ ಕೆಟ್ಟಿತು ಎಂಬುದನ್ನು ಗಮನಿಸಿ. 0.45ನ್ನು 1.66ರಿಂದ ಭಾಗಿಸಿದರೆ ಶೇ 27. ಪತ್ರಿಕೆಗಳಲ್ಲಿ ಬಂದ 'ಶೇ 27ರಷ್ಟು ನಿಧಾನ' ಹುಟ್ಟಿದ್ದು ಹೀಗೆ. ಓದಿದವರ ಮನಸ್ಸಿಗೆ ಮಾತ್ರ ಅದು 'ಶೇ 27ರಷ್ಟು ಗುಣ' ಅಂತ ಇಳಿಯಿತು. ಇದರಲ್ಲಿ ಗುಣದ ಮಾತೇ ಇಲ್ಲ. ಕಾಲದ ಲೆಕ್ಕದಲ್ಲಿ ಹೇಳುವುದಾದರೆ, ಒಂದೂವರೆ ವರ್ಷ ಔಷಧ ತೆಗೆದುಕೊಂಡವರು ಸುಮಾರು 5 ತಿಂಗಳು ಹಿಂದೆ ಉಳಿದರು. ಕಾಯಿಲೆಯ ಓಟದಲ್ಲಿ ಹಿಂದೆ ಉಳಿಯುವುದು ಒಳ್ಳೆಯದೇ. ಐದು ತಿಂಗಳು ಸಣ್ಣದು ಅಂತ ಹೊರಗೆ ನಿಂತು ಹೇಳುವುದು ಸುಲಭ, ಮಕ್ಕಳ ಹೆಸರು ಇನ್ನೂ ನೆನಪಿರುವವರಿಗೆ ಅದು ಸಣ್ಣದಲ್ಲ. ಆದರೆ ಕನಿಷ್ಠ ಒಂದು ಅಂಕದ ಅಂತರವಾದರೂ ಇಲ್ಲದಿದ್ದರೆ ಮನೆಯವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ ಎಂದು ವಾದಿಸುವ ತಜ್ಞರ ಮಾತಿನಲ್ಲೂ ಹುರುಳಿದೆ.

ನನ್ನನ್ನು ಹೆಚ್ಚು ಕಾಡುವುದು ಅದೇ ಪ್ರಯೋಗದ ಇನ್ನೊಂದು ಅಂಕಿ. ಈ ಔಷಧದ ಕೆಲಸ ಮೆದುಳಿನಲ್ಲಿ ಕೂತ ಅಮಿಲಾಯ್ಡ್ ಎಂಬ ಪ್ರೋಟೀನಿನ ಕಿಟ್ಟವನ್ನು ತೆಗೆಯುವುದು. ಪೆಟ್ ಸ್ಕ್ಯಾನ್‌ನಲ್ಲಿ ಅದನ್ನು ಅಳೆಯುವ ಮಾನಕ್ಕೆ ಸೆಂಟಿಲಾಯ್ಡ್ ಅನ್ನುತ್ತಾರೆ. ಶುರುವಿನಲ್ಲಿ ಸರಾಸರಿ 78ರ ಹತ್ತಿರ ಇತ್ತು. ಔಷಧ ಪಡೆದವರಲ್ಲಿ ಅದು 55ರಷ್ಟು ಇಳಿಯಿತು. ಅಂದರೆ ಮುಕ್ಕಾಲು ಭಾಗದ ಹತ್ತಿರ ಕಿಟ್ಟ ಹೋಯಿತು. ಮರೆವಿನ ಓಟ ಕಡಿಮೆಯಾದದ್ದು ಕಾಲು ಭಾಗ. ಕಿಟ್ಟವೇ ಕಾಯಿಲೆಯಾಗಿದ್ದರೆ ಈ ಎರಡು ಅಂಕಿ ಹತ್ತಿರ ಹತ್ತಿರ ಇರಬೇಕಿತ್ತು, ಅಲ್ವಾ? ಈ ಅಂತರದಲ್ಲೇ ಇವತ್ತಿನ ಅಲ್ಝೈಮರ್ಸ್ ಸಂಶೋಧನೆಯ ಎಲ್ಲ ಪ್ರಶ್ನೆಗಳೂ ಇವೆ ಎಂಬುದು ನನ್ನ ಅನಿಸಿಕೆ.

ಕಿಟ್ಟದ ಕಥೆ ಹಳೆಯದು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ 51 ವರ್ಷದ ಔಗುಸ್ಟೆ ಎಂಬ ಮಹಿಳೆ ದಾಖಲಾದರು. ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಆಕೆಯ ಎದುರು ಕೂತು ಒಂದೊಂದೇ ಪ್ರಶ್ನೆ ಕೇಳಿ ಬರೆದಿಟ್ಟರು. ನಿಮ್ಮ ಹೆಸರೇನು? ಔಗುಸ್ಟೆ. ಮನೆತನದ ಹೆಸರು? ಔಗುಸ್ಟೆ. ಗಂಡನ ಹೆಸರು? ಅದೂ ಔಗುಸ್ಟೆ ಇರಬೇಕು. ಮಧ್ಯಾಹ್ನ ಅವರು ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದರು. ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಸೊಪ್ಪು ಅಂದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಝೈಮರ್ ಆ ಮೆದುಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ನರಕೋಶಗಳ ನಡುವೆ ಗಟ್ಟಿಯಾದ ಕಿಟ್ಟ, ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗನ್ ಊರಿನ ವೈದ್ಯರ ಸಭೆಯಲ್ಲಿ ಇದನ್ನು ಹೇಳಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ.

ಕಿಟ್ಟ ಯಾವುದರಿಂದ ಆಗಿದೆ ಅಂತ ಗೊತ್ತಾಗಲು 1984ರವರೆಗೆ ಕಾಯಬೇಕಾಯಿತು. ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಆ ವರ್ಷ ಬೀಟಾ ಅಮಿಲಾಯ್ಡ್ ಎಂಬ ಪುಟ್ಟ ಪ್ರೋಟೀನನ್ನು ಬೇರ್ಪಡಿಸಿದರು. ನರಕೋಶದ ಹೊರಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ಇರುತ್ತದೆ. ಎರಡು ಕಿಣ್ವಗಳು ಅದನ್ನು ಎರಡು ಕಡೆ ಕತ್ತರಿಸುತ್ತವೆ. ನಡುವಿನ ತುಂಡೇ ಬೀಟಾ ಅಮಿಲಾಯ್ಡ್. ಕೆಲವು ತುಂಡಿನಲ್ಲಿ 40 ಅಮೈನೋ ಆಮ್ಲ, ಕೆಲವದರಲ್ಲಿ 42. ಎರಡು ಜಾಸ್ತಿಯಾದದ್ದೇ ತಡ, ಅದಕ್ಕೆ ಅಂಟುಗುಣ ಬರುತ್ತದೆ. ಒಂದಕ್ಕೊಂದು ಅಂಟಿ ಕೊನೆಗೆ ಕಿಟ್ಟವಾಗುತ್ತದೆ. 1992ರಲ್ಲಿ ಜಾನ್ ಹಾರ್ಡಿ ಮತ್ತು ಜೆರಾಲ್ಡ್ ಹಿಗ್ಗಿನ್ಸ್ ಇದನ್ನೇ ಮೂಲವಾಗಿ ಇಟ್ಟುಕೊಂಡು ಒಂದು ಸರಪಳಿ ಹೇಳಿದರು: ಮೊದಲು ಅಮಿಲಾಯ್ಡ್, ಅದರಿಂದ ಸಿಕ್ಕು, ಅದರಿಂದ ನರಕೋಶದ ಸಾವು, ಅದರಿಂದ ಮರೆವು.

ಈ ವಾದಕ್ಕೆ ಗಟ್ಟಿ ಸಾಕ್ಷಿ ಇತ್ತು, ಈಗಲೂ ಇದೆ. ಎಪಿಪಿ ಜೀನ್ ಇರುವುದು 21ನೇ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ವರ್ಣತಂತು ಎರಡರ ಬದಲು ಮೂರು. ಅವರಲ್ಲಿ ಹೆಚ್ಚಿನವರಿಗೆ ಸಣ್ಣ ವಯಸ್ಸಿಗೇ ಅಲ್ಝೈಮರ್ಸ್ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಐಸ್‌ಲ್ಯಾಂಡ್‌ನ ಕೆಲವರಲ್ಲಿ ಅದೇ ಜೀನಿನ ಒಂದು ಅಪರೂಪದ ಬದಲಾವಣೆ 2012ರಲ್ಲಿ ಸಿಕ್ಕಿತು. ಅವರಲ್ಲಿ ಅಮಿಲಾಯ್ಡ್ ಕಡಿಮೆ ಹುಟ್ಟುತ್ತದೆ, ಕಾಯಿಲೆಯೂ ಕಡಿಮೆ. ಇಷ್ಟು ಸಾಕ್ಷಿ ಇಟ್ಟುಕೊಂಡು ಅಮಿಲಾಯ್ಡ್‌ಗೂ ಕಾಯಿಲೆಗೂ ಸಂಬಂಧವೇ ಇಲ್ಲ ಅನ್ನಲು ಬರುವುದಿಲ್ಲ.

ಆದರೂ ಹಾಗೆ ಹೇಳುವವರಿದ್ದಾರೆ. 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧದ ಚಿತ್ರಗಳನ್ನು ತಿದ್ದಿದ್ದಾರೆ ಎಂಬ ಆರೋಪ 2022ರಲ್ಲಿ ಎದ್ದಿತು. 2024ರಲ್ಲಿ ಪ್ರಬಂಧವನ್ನು ವಾಪಸ್ ಪಡೆದರು. ಆಗ ಜಾಲತಾಣಗಳಲ್ಲಿ 'ಅಮಿಲಾಯ್ಡ್ ಎಲ್ಲಾ ಸುಳ್ಳು' ಅಂತ ಸಂದೇಶ ಓಡಾಡಿದವು. ಆ ಪ್ರಬಂಧ ಇಲಿಗಳಲ್ಲಿ ಕಂಡಿತೆಂದು ಹೇಳಿದ್ದು ಅಮಿಲಾಯ್ಡ್‌ನ ಒಂದು ನಿರ್ದಿಷ್ಟ ರೂಪದ ಬಗ್ಗೆ. ಅಮಿಲಾಯ್ಡ್ ವಾದ ಹುಟ್ಟಿದ್ದು ಅದಕ್ಕಿಂತ 14 ವರ್ಷ ಮೊದಲು. ಒಂದು ಇಟ್ಟಿಗೆ ಟೊಳ್ಳು ಅಂತ ಇಡೀ ಗೋಡೆ ಬೀಳುವುದಿಲ್ಲ. ಗೋಡೆ ಅಲುಗಾಡಿದ್ದು ಬೇರೆ ಕಾರಣಕ್ಕೆ.

ಆ ಕಾರಣ, ಸಾಲು ಸಾಲು ಸೋತ ಔಷಧಗಳು. ಎಪಿಪಿಯನ್ನು ಕತ್ತರಿಸುವ ಕಿಣ್ವವನ್ನೇ ತಡೆಯುವ ವೆರುಬೆಸೆಸ್ಟ್ಯಾಟ್ ಎಂಬ ಮಾತ್ರೆ ಬಂತು. ಬೆನ್ನುಹುರಿಯ ನೀರಿನಲ್ಲಿ ಅಮಿಲಾಯ್ಡ್ ಶೇ 60ಕ್ಕಿಂತ ಜಾಸ್ತಿ ಇಳಿಯಿತು, ಆದರೆ ರೋಗಿಗಳ ಬುದ್ಧಿಶಕ್ತಿ ಮಾತ್ರ ಔಷಧವಿಲ್ಲದವರಿಗಿಂತ ಕೆಟ್ಟದಾಯಿತು. ಸೊಲನೆಝುಮ್ಯಾಬ್ ಸೋತಿತು. ಗ್ಯಾಂಟೆನೆರುಮ್ಯಾಬ್ 2022ರಲ್ಲಿ ಸೋತಿತು. ಅಡುಕ್ಯಾನುಮ್ಯಾಬ್‌ದು ಇನ್ನೊಂದು ರಾದ್ಧಾಂತ. ಅದು ಕಿಟ್ಟ ತೆಗೆಯುತ್ತಿತ್ತು, ಆದರೆ ಎರಡು ಪ್ರಯೋಗಗಳಲ್ಲಿ ಒಂದು ಮಾತ್ರ ಉಪಯೋಗ ತೋರಿಸಿತು. ಸಲಹಾ ಸಮಿತಿ ಬೇಡ ಅಂದರೂ ಎಫ್‌ಡಿಎ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಮಿತಿಯ ಮೂವರು ರಾಜೀನಾಮೆ ಕೊಟ್ಟು ಹೊರಬಂದರು. 2024ರ ಶುರುವಿನಲ್ಲಿ ತಯಾರಕರೇ ಅದನ್ನು ಕೈಬಿಟ್ಟರು. ಕಿಟ್ಟ ಕಡಿಮೆಯಾದರೆ ರೋಗಿಗೂ ಒಳ್ಳೆಯದಾಗಿರಬಹುದು ಎಂಬ ಊಹೆಯ ಮೇಲೆ ಕೊಟ್ಟ ಒಪ್ಪಿಗೆ ಅದು. ಅಡುಗೆಯ ವಾಸನೆ ಬಂತು ಅಂತ ಊಟ ಆಯಿತು ಅಂದ ಹಾಗೆ.

ಸಿಕ್ಕಿನ ವಿಷಯಕ್ಕೆ ಬರೋಣ. ಅದು ಟೌ ಎಂಬ ಪ್ರೋಟೀನಿನದ್ದು. ನರಕೋಶದ ಒಳಗೆ ಸಾಮಾನು ಸಾಗಿಸುವ ಸಣ್ಣ ಹಳಿಗಳಿವೆ. ಆ ಹಳಿಗಳನ್ನು ಬಿಗಿಯಾಗಿ ಹಿಡಿದಿಡುವುದು ಟೌನ ಕೆಲಸ. ಅದಕ್ಕೆ ಅಳತೆ ಮೀರಿ ಫಾಸ್ಫೇಟ್ ಅಂಟಿದರೆ ಅದು ಹಳಿಯಿಂದ ಕಳಚಿಕೊಂಡು, ಬಾಚದ ತಲೆಗೂದಲಿನ ಹಾಗೆ ಸಿಕ್ಕುಗಟ್ಟುತ್ತದೆ. ಮರೆವು ಎಷ್ಟಿದೆ ಎಂಬುದಕ್ಕೂ ಸಿಕ್ಕು ಮೆದುಳಿನ ಎಲ್ಲೆಲ್ಲಿಗೆ ಹರಡಿದೆ ಎಂಬುದಕ್ಕೂ ಚೆನ್ನಾಗಿ ತಾಳೆಯಾಗುತ್ತದೆ. ಕಿಟ್ಟಕ್ಕೂ ಮರೆವಿಗೂ ಅಷ್ಟು ತಾಳೆಯಿಲ್ಲ. ಮೆದುಳಿನ ತುಂಬ ಕಿಟ್ಟ ಇಟ್ಟುಕೊಂಡು ಲೆಕ್ಕ ಪುಸ್ತಕ ಸರಿಯಾಗಿ ಬರೆಯುವ ಮುದುಕರು ಬೇಕಾದಷ್ಟು ಮಂದಿ ಇದ್ದಾರೆ.

ಕಾಲದ ಅಂತರ ಬೇರೆ ಇದೆ. ವಂಶದಲ್ಲೇ ಸಣ್ಣ ವಯಸ್ಸಿಗೆ ಅಲ್ಝೈಮರ್ಸ್ ಬರುವ ಕುಟುಂಬಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಲಕ್ಷಣ ಕಾಣುವುದಕ್ಕೆ 25 ವರ್ಷ ಮೊದಲೇ ಅವರ ಬೆನ್ನುಹುರಿಯ ನೀರಿನಲ್ಲಿ ಅಮಿಲಾಯ್ಡ್ ಬದಲಾಗತೊಡಗಿತ್ತು. 15 ವರ್ಷ ಮೊದಲು ಸ್ಕ್ಯಾನ್‌ನಲ್ಲಿ ಕಿಟ್ಟ ಕಂಡಿತ್ತು. ಗೋಡೆಯೊಳಗಿನ ಪೈಪು ಹದಿನೈದು ವರ್ಷ ಸೋರಿದ ಮೇಲೆ ನೀರು ನಿಲ್ಲಿಸಿದರೆ, ಉದುರಿದ ಗಾರೆ ವಾಪಸ್ ಬಂದು ಅಂಟಿಕೊಳ್ಳುವುದಿಲ್ಲ. ಮುಂದೆ ಉದುರುವುದು ಸ್ವಲ್ಪ ನಿಧಾನ ಆಗಬಹುದು. ಕಿಟ್ಟ 78ರಲ್ಲಿ 55ರಷ್ಟು ಇಳಿದರೂ ಅಂಕದ ಅಂತರ 0.45ರಲ್ಲೇ ನಿಂತದ್ದಕ್ಕೆ ಇದು ಒಂದು ವಿವರಣೆ. ಡೊನಾನೆಮ್ಯಾಬ್ ಎಂಬ ಇನ್ನೊಂದು ಔಷಧದ ಪ್ರಯೋಗವೂ ಇದನ್ನೇ ಸೂಚಿಸುತ್ತದೆ. 1,736 ಮಂದಿಯ ಆ ಪ್ರಯೋಗದಲ್ಲಿ ಸಿಕ್ಕು ಇನ್ನೂ ಕಡಿಮೆ ಇದ್ದವರಲ್ಲಿ ಕಾಯಿಲೆ ಶೇ 35ರಷ್ಟು ನಿಧಾನವಾಯಿತು. ಸಿಕ್ಕು ಜಾಸ್ತಿ ಇದ್ದವರನ್ನೂ ಸೇರಿಸಿದರೆ ಅದು ಶೇ 22ಕ್ಕೆ ಇಳಿಯಿತು.

ಈ ಔಷಧಗಳ ಅಪಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಿಟ್ಟ ನರಕೋಶಗಳ ನಡುವೆ ಮಾತ್ರ ಅಲ್ಲ, ರಕ್ತನಾಳಗಳ ಗೋಡೆಯಲ್ಲೂ ಕೂತಿರುತ್ತದೆ. ಈ ಔಷಧಗಳು ಕಿಟ್ಟಕ್ಕೆ ಅಂಟಿಕೊಳ್ಳುವ ಆಂಟಿಬಾಡಿಗಳು, ಅಲ್ಲಿಗೂ ಹೋಗಿ ಕೀಳುತ್ತವೆ. ಗೋಡೆ ಸಡಿಲವಾಗಿ ಮೆದುಳಿನಲ್ಲಿ ನೀರು ತುಂಬುತ್ತದೆ, ಕೆಲವೊಮ್ಮೆ ರಕ್ತ ಜಿನುಗುತ್ತದೆ. ಲೆಕಾನೆಮ್ಯಾಬ್ ಪಡೆದವರಲ್ಲಿ ಶೇ 12.6 ಮಂದಿಗೆ ಇಂಥ ಊತ ಬಂತು. ಡೊನಾನೆಮ್ಯಾಬ್‌ನಲ್ಲಿ ಶೇ 24. ಹೆಚ್ಚಿನವರಿಗೆ ಇದು ಗೊತ್ತೇ ಆಗುವುದಿಲ್ಲ, ಎಂಆರ್‌ಐನಲ್ಲಿ ಮಾತ್ರ ಕಾಣುತ್ತದೆ. ಕೆಲವರಿಗೆ ತಲೆನೋವು, ಗಲಿಬಿಲಿ. ಡೊನಾನೆಮ್ಯಾಬ್ ಪ್ರಯೋಗದಲ್ಲಿ ಮೂರು ಸಾವಿಗೆ ಔಷಧವೇ ಕಾರಣ ಎಂದು ಪರಿಗಣಿಸಿದರು. ವಿಚಿತ್ರ ಏನೆಂದರೆ, ಅಲ್ಝೈಮರ್ಸ್ ಬರುವ ಸಾಧ್ಯತೆ ಯಾರಿಗೆ ಹೆಚ್ಚೋ ಅವರಿಗೇ ಈ ಅಪಾಯವೂ ಹೆಚ್ಚು. ಎಪಿಒಇ4 ಎಂಬ ಜೀನನ್ನು ಅಪ್ಪ ಅಮ್ಮ ಇಬ್ಬರಿಂದಲೂ ಪಡೆದವರಲ್ಲಿ ಲೆಕಾನೆಮ್ಯಾಬ್‌ನಿಂದ ಊತ ಬಂದದ್ದು ಶೇ 32.6 ಮಂದಿಗೆ. ಆ ಜೀನ್ ಇಲ್ಲದವರಲ್ಲಿ ಶೇ 5.4. ಯುರೋಪಿನ ಔಷಧ ಸಂಸ್ಥೆ 2024ರ ಜುಲೈನಲ್ಲಿ ಈ ಔಷಧ ಬೇಡ ಅಂದು, ನವೆಂಬರಿನಲ್ಲಿ ಎರಡು ಪ್ರತಿ ಇರುವವರನ್ನು ಬಿಟ್ಟು ಉಳಿದವರಿಗೆ ಸರಿ ಅಂದಿತು. ನನಗೆ ಇದು ಎಡಬಿಡಂಗಿತನ ಅನ್ನಿಸುವುದಿಲ್ಲ. ಅಂಕಿಗಳೇ ಹಾಗಿವೆ.

ಚಿಕಿತ್ಸೆ ಹೀಗೆ ಕುಂಟುತ್ತಿರುವಾಗ ಪತ್ತೆಹಚ್ಚುವ ವಿದ್ಯೆ ಮಾತ್ರ ಓಡುತ್ತಿದೆ. ಔಗುಸ್ಟೆಯ ಕಾಲದಿಂದ ಸುಮಾರು ನೂರು ವರ್ಷ, ಅಲ್ಝೈಮರ್ಸ್ ಹೌದೋ ಅಲ್ಲವೋ ಎಂದು ಖಚಿತವಾಗುತ್ತಿದ್ದದ್ದು ಸತ್ತ ಮೇಲೆ ಮಾತ್ರ. 2004ರಲ್ಲಿ ಪ್ರಕಟವಾದ ಹೊಸ ಪೆಟ್ ಸ್ಕ್ಯಾನ್ ಮೊದಲ ಬಾರಿಗೆ ಬದುಕಿರುವವರ ಮೆದುಳಿನ ಕಿಟ್ಟ ತೋರಿಸಿತು. ಅದರಿಂದ ಮುಜುಗರದ ಸಂಗತಿಯೊಂದು ಬಯಲಾಯಿತು. ಬಾಪಿನ್ಯೂಝುಮ್ಯಾಬ್ ಎಂಬ ಹಳೆಯ ಔಷಧದ ಪ್ರಯೋಗದಲ್ಲಿ ಸ್ಕ್ಯಾನ್ ಮಾಡಿಸಿಕೊಂಡವರ ಪೈಕಿ, ಎಪಿಒಇ4 ಇಲ್ಲದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನರ ಮೆದುಳಿನಲ್ಲಿ ಕಿಟ್ಟವೇ ಇರಲಿಲ್ಲ. ಇಲ್ಲದ ಕಿಟ್ಟ ತೆಗೆಯಲು ಔಷಧ ಕೊಟ್ಟಿದ್ದರು! ಹಳೆಯ ಸೋಲುಗಳಲ್ಲಿ ಎಷ್ಟು ಪಾಲು ಔಷಧದ್ದು, ಎಷ್ಟು ಪಾಲು ತಪ್ಪು ಜನರನ್ನು ಆರಿಸಿದ್ದರದ್ದು ಅಂತ ಈಗ ಬಿಡಿಸಿ ಹೇಳುವುದು ಕಷ್ಟ.

ಸ್ಕ್ಯಾನ್ ದುಬಾರಿ, ಬೆನ್ನುಹುರಿಯಿಂದ ನೀರು ತೆಗೆಸಿಕೊಳ್ಳಲು ಜನ ಹೆದರುತ್ತಾರೆ. ಈಗ ತೋಳಿನಿಂದ ಒಂದು ಸಿರಿಂಜ್ ರಕ್ತ ಸಾಕು ಎಂಬ ಹಂತಕ್ಕೆ ಬಂದಿದ್ದೇವೆ. ಹುಡುಕುವುದು ಪಿ-ಟೌ217 ಎಂಬುದನ್ನು. ಟೌ ಪ್ರೋಟೀನಿನ 217ನೇ ಜಾಗದಲ್ಲಿ ಫಾಸ್ಫೇಟ್ ಅಂಟಿರುವ ರೂಪ ಅದು. ಸುತ್ತ ಅಮಿಲಾಯ್ಡ್ ಕೂಡಿದಾಗ ನರಕೋಶಗಳು ಇದನ್ನು ಹೆಚ್ಚು ಹೊರಹಾಕುತ್ತವೆ, ಅದರ ಲವಲೇಶ ರಕ್ತಕ್ಕೆ ಸೇರುತ್ತದೆ. ಸ್ವೀಡನ್‌ನಲ್ಲಿ ಮರೆವಿನ ದೂರು ಹೇಳಿಕೊಂಡು ಬಂದ 1,213 ಮಂದಿಯ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಬಂತು. ಸಾಮಾನ್ಯ ವೈದ್ಯರು ತಮ್ಮ ಪರೀಕ್ಷೆಯಿಂದ ಅಲ್ಝೈಮರ್ಸ್ ಹೌದು ಅಲ್ಲ ಎಂದು ಸರಿಯಾಗಿ ಹೇಳಿದ್ದು ಶೇ 61 ಸಲ. ಮರೆವಿನ ತಜ್ಞರು ಶೇ 73. ರಕ್ತಪರೀಕ್ಷೆ ಸುಮಾರು ಶೇ 91. 2025ರ ಮೇ ತಿಂಗಳಲ್ಲಿ ಎಫ್‌ಡಿಎ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದು ಪಿ-ಟೌ217 ಮತ್ತು ಅಮಿಲಾಯ್ಡ್ ಎರಡರ ಅನುಪಾತ ನೋಡುತ್ತದೆ. 55 ದಾಟಿದ, ಈಗಾಗಲೇ ಲಕ್ಷಣ ಇರುವವರಿಗೆ ಮಾತ್ರ. 499 ಮಾದರಿಗಳಲ್ಲಿ 'ಇದೆ' ಎಂದು ಬಂದವರಲ್ಲಿ ಶೇ 91.7 ಮಂದಿಗೆ ನಿಜಕ್ಕೂ ಕಿಟ್ಟ ಇತ್ತು. 'ಇಲ್ಲ' ಎಂದು ಬಂದವರಲ್ಲಿ ಶೇ 97.3 ಮಂದಿಗೆ ಇರಲಿಲ್ಲ. ಐದರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಮಂದಿಗೆ ಎರಡೂ ಅಲ್ಲದ ಉತ್ತರ ಬಂತು.

'ಲಕ್ಷಣ ಇರುವವರಿಗೆ ಮಾತ್ರ' ಎಂಬ ಷರತ್ತನ್ನು ಜನ ಓದದೆ ದಾಟುತ್ತಾರೆ. ಅದೇ ಮುಖ್ಯ. ಸುಮ್ನೆ ಒಂದು ಲೆಕ್ಕ ಹಾಕಿ. ಪರೀಕ್ಷೆ ಹತ್ತಕ್ಕೆ ಒಂಬತ್ತು ಸಲ ಸರಿ ಅಂತಿಟ್ಟುಕೊಳ್ಳಿ. ಮರೆವಿನ ಕ್ಲಿನಿಕ್ಕಿಗೆ ಬಂದ 1,000 ಮಂದಿಯಲ್ಲಿ 500 ಮಂದಿಗೆ ಕಿಟ್ಟ ಇದೆ ಎಂದರೆ, ಪರೀಕ್ಷೆ 450 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, 50 ಮಂದಿಯನ್ನು ಸುಳ್ಳಾಗಿ ಹಿಡಿಯುತ್ತದೆ. ಪರವಾಗಿಲ್ಲ. ಅದೇ ಪರೀಕ್ಷೆಯನ್ನು ಆರಾಮಾಗಿ ಓಡಾಡಿಕೊಂಡಿರುವ 1,000 ಮಂದಿಗೆ ಮಾಡಿ. ಅವರಲ್ಲಿ 100 ಮಂದಿಗೆ ಮಾತ್ರ ಕಿಟ್ಟ ಇದೆ ಎನ್ನೋಣ. ಸರಿಯಾಗಿ ಹಿಡಿದದ್ದು 90, ಸುಳ್ಳಾಗಿ ಹಿಡಿದದ್ದೂ 90. 'ನಿಮಗೆ ಇದೆ' ಎಂಬ ಚೀಟಿ ಹಿಡಿದು ಮನೆಗೆ ಹೋಗುವವರಲ್ಲಿ ಅರ್ಧ ಜನರಿಗೆ ಏನೂ ಇಲ್ಲ. ಪರೀಕ್ಷೆ ಕೆಟ್ಟಿಲ್ಲ, ಜನ ಬದಲಾದರು ಅಷ್ಟೆ. ಇದರ ಮೇಲೆ, ಮೂತ್ರಪಿಂಡದ ತೊಂದರೆ ಇದ್ದರೆ ರಕ್ತದಲ್ಲಿ ಪಿ-ಟೌ ಮಟ್ಟ ಹಾಗೇ ಏರಿರುತ್ತದೆ.

ಇನ್ನು ಆ ನಿಜವಾದ 90 ಮಂದಿ. ಅವರಿಗೆ ಕಾಯಿಲೆ ಇದೆಯಾ? ಇಲ್ಲಿ ತಜ್ಞರೇ ಎರಡು ಪಂಗಡ. ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್‌ನ ತಂಡ 2024ರಲ್ಲಿ ಹೊಸ ವ್ಯಾಖ್ಯಾನ ಕೊಟ್ಟಿತು: ರಕ್ತದಲ್ಲೋ ಸ್ಕ್ಯಾನ್‌ನಲ್ಲೋ ಗುರುತು ಸಿಕ್ಕರೆ ಸಾಕು, ಲಕ್ಷಣ ಇರಲಿ ಬಿಡಲಿ, ಅದು ಅಲ್ಝೈಮರ್ಸ್. ಅದೇ ವರ್ಷ ಅಂತರರಾಷ್ಟ್ರೀಯ ತಜ್ಞರ ಇನ್ನೊಂದು ಗುಂಪು ಇದನ್ನು ಒಪ್ಪಲಿಲ್ಲ. ಲಕ್ಷಣ ಇಲ್ಲದವರು ಅಪಾಯದಲ್ಲಿ ಇರುವವರು ಮಾತ್ರ, ರೋಗಿಗಳಲ್ಲ ಎಂದಿತು. ನಾನು ಎರಡನೇ ಗುಂಪಿನ ಕಡೆ. ಮೊದಲ ಗುಂಪು ಕ್ಯಾನ್ಸರ್ ಉದಾಹರಣೆ ಕೊಡುತ್ತದೆ, ಗಡ್ಡೆ ನೋಯದಿದ್ದರೂ ಕ್ಯಾನ್ಸರ್ ಅಲ್ವಾ ಎಂದು. ಆದರೆ ಕಿಟ್ಟ ಇರುವ ಎಷ್ಟೋ ಮಂದಿ ಮರೆವು ಬಾರದೆಯೇ ಬೇರೆ ಯಾವುದೋ ಕಾರಣಕ್ಕೆ ಸಾಯುತ್ತಾರೆ. ಅವರಿಗೆ ಇಪ್ಪತ್ತು ವರ್ಷ ಮೊದಲೇ ಈ ಹೆಸರು ಅಂಟಿಸಿದರೆ, ನಾಳೆ ಕನ್ನಡಕ ಎಲ್ಲಿಟ್ಟೆ ಎಂದು ಮರೆತಾಗಲೆಲ್ಲ ಎದೆ ಝಲ್ ಎನ್ನುತ್ತದೆ. ಕೊಡಲು ಔಷಧವೂ ಇಲ್ಲ.

ಕಿಟ್ಟ ಇದ್ದೂ ಮರೆವು ಬಾರದವರು ಸಂಶೋಧಕರಿಗೆ ಚಿನ್ನದ ಗಣಿ. ಕೊಲಂಬಿಯಾದಲ್ಲಿ ಒಂದು ದೊಡ್ಡ ವಂಶವಿದೆ. ಅವರಲ್ಲಿ ಹರಿದು ಬಂದ ಒಂದು ಜೀನ್ ದೋಷ ಇರುವವರಿಗೆ 44ರ ಆಸುಪಾಸಿನಲ್ಲಿ ಮರೆವು ಶುರುವಾಗುತ್ತದೆ. ನರತಜ್ಞ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಈ ಕುಟುಂಬಗಳ ಜೊತೆ ಓಡಾಡಿದರು. ಅವರಲ್ಲಿ ಒಬ್ಬ ಮಹಿಳೆಗೆ ಆ ದೋಷ ಇದ್ದೂ ಎಪ್ಪತ್ತು ದಾಟುವವರೆಗೆ ಏನೂ ಆಗಲಿಲ್ಲ. 2019ರಲ್ಲಿ ಆಕೆಯ ಸ್ಕ್ಯಾನ್ ಪ್ರಕಟವಾಯಿತು. ಮೆದುಳಿನಲ್ಲಿ ಕಿಟ್ಟ ವಿಪರೀತ, ಸಿಕ್ಕು ಬಹಳ ಕಡಿಮೆ. ಎಪಿಒಇ ಜೀನಿನಲ್ಲೇ ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ಬದಲಾವಣೆಯನ್ನು ಅಪ್ಪ ಅಮ್ಮ ಇಬ್ಬರಿಂದಲೂ ಆಕೆ ಪಡೆದಿದ್ದರು. ಕಿಟ್ಟದಿಂದ ಸಿಕ್ಕಿಗೆ ಹೋಗುವ ದಾರಿಗೆ ಅದು ಎಲ್ಲೋ ಅಡ್ಡ ನಿಂತಿತ್ತು. ಆ 'ಎಲ್ಲೋ' ಯಾವ ಜಾಗ ಎಂದು ಗೊತ್ತಾದರೆ ಕಿಟ್ಟವನ್ನು ಮುಟ್ಟದೆಯೇ ಮರೆವನ್ನು ತಡೆಯಬಹುದು. ನನಗೆ ಈ ಕ್ಷೇತ್ರದಲ್ಲಿ ತುಂಬ ಆಸೆ ಹುಟ್ಟಿಸಿದ ಸುದ್ದಿ ಇದೇ, ಯಾವ ಔಷಧದ ಸುದ್ದಿಯೂ ಅಲ್ಲ.

ಆಸೆ ಹುಟ್ಟಿಸಿದ ಎರಡನೆಯ ಸುದ್ದಿ ವೇಲ್ಸ್ ದೇಶದ್ದು. ಅಲ್ಲಿ 2013ರ ಸೆಪ್ಟೆಂಬರ್ 1ರಂದು ಸರ್ಪಸುತ್ತಿನ ಲಸಿಕೆ ಶುರುವಾಯಿತು. ನಿಯಮ ಕಟ್ಟುನಿಟ್ಟು: 1933ರ ಸೆಪ್ಟೆಂಬರ್ 2ಕ್ಕಿಂತ ಮೊದಲು ಹುಟ್ಟಿದವರಿಗೆ ಲಸಿಕೆ ಇಲ್ಲ, ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಉಂಟು. ಒಂದು ವಾರ ಆಚೆ ಈಚೆ ಹುಟ್ಟಿದವರ ನಡುವೆ ಊಟ, ಓದು, ದುಡ್ಡು ಯಾವುದರಲ್ಲೂ ವ್ಯತ್ಯಾಸ ಇರಲು ಕಾರಣವಿಲ್ಲ. ಆದರೆ ಲಸಿಕೆ ಪಡೆದವರ ಪ್ರಮಾಣ ಒಂದು ಕಡೆ ಶೇ 0.01, ಇನ್ನೊಂದು ಕಡೆ ಶೇ 47.2. ಸರಕಾರಿ ಆದೇಶವೊಂದು ತನಗೇ ಗೊತ್ತಿಲ್ಲದೆ ಪ್ರಯೋಗ ಮಾಡಿಬಿಟ್ಟಿತ್ತು! ಏಳು ವರ್ಷದ ದಾಖಲೆ ತೆಗೆದು ನೋಡಿದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಹೊಸದಾಗಿ ಡಿಮೆನ್ಶಿಯಾ (ಮರೆವಿನ ಕಾಯಿಲೆಗಳ ಒಟ್ಟು ಹೆಸರು, ಅಲ್ಝೈಮರ್ಸ್ ಅದರಲ್ಲಿ ಒಂದು) ಪತ್ತೆಯಾಗುವುದು ಐದನೇ ಒಂದು ಭಾಗದಷ್ಟು ಕಡಿಮೆ. 2025ರ ಏಪ್ರಿಲ್‌ನಲ್ಲಿ ಇದು ಪ್ರಕಟವಾಯಿತು. ನರಗಳಲ್ಲಿ ಅಡಗಿ ಕೂತ ವೈರಸ್ ಮತ್ತೆ ಏಳದಂತೆ ತಡೆದದ್ದರಿಂದಲೋ, ರೋಗನಿರೋಧಕ ಶಕ್ತಿಗೆ ಬೇರೆ ರೀತಿಯಲ್ಲಿ ಕಸುವು ಬಂದದ್ದರಿಂದಲೋ, ಇನ್ನೂ ಇತ್ಯರ್ಥವಾಗಿಲ್ಲ.

ಇದನ್ನು ಸೆಮಾಗ್ಲುಟೈಡ್‌ನ ಕಥೆಯ ಪಕ್ಕ ಇಟ್ಟು ನೋಡಿ. ಸಕ್ಕರೆ ಕಾಯಿಲೆಗೂ ತೂಕಕ್ಕೂ ಕೊಡುವ ಆ ಔಷಧ ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಕಡಿಮೆ ಅಂತ ಆಸ್ಪತ್ರೆ ದಾಖಲೆಗಳು ಹೇಳುತ್ತಿದ್ದವು. ಅಲ್ಝೈಮರ್ಸ್‌ನ ಶುರುವಿನ ಹಂತದಲ್ಲಿದ್ದ 3,808 ಮಂದಿಯ ಮೇಲೆ ಮಾತ್ರೆ ರೂಪದಲ್ಲಿ ಎರಡು ದೊಡ್ಡ ಪ್ರಯೋಗ ನಡೆದವು. 2025ರ ನವೆಂಬರಿನಲ್ಲಿ ಉತ್ತರ ಬಂತು: ಕಾಯಿಲೆ ನಿಧಾನವಾಗಲಿಲ್ಲ. ಆದರೆ ಕಾಯಿಲೆಯ ಗುರುತುಗಳು ಸುಧಾರಿಸಿದ್ದವು! ಮತ್ತೆ ಅದೇ ರಾಗ. ಪ್ರಯೋಗಾಲಯದ ಚೀಟಿ ಚೆನ್ನಾಗಿದೆ, ಮನುಷ್ಯ ಚೆನ್ನಾಗಿಲ್ಲ. ಅದೇ ವರ್ಷ ಹಾರ್ವರ್ಡ್‌ನ ಬ್ರೂಸ್ ಯಾಂಕ್ನರ್ ತಂಡ, ಅಲ್ಝೈಮರ್ಸ್ ಇರುವ ಮೆದುಳಿನಲ್ಲಿ ಲಿಥಿಯಂ ಕಡಿಮೆ ಇದೆ, ಇಲಿಗಳಿಗೆ ಅದರ ಒಂದು ಲವಣ ಕೊಟ್ಟರೆ ನೆನಪು ಮರಳುತ್ತದೆ ಎಂದು ತೋರಿಸಿತು. ಇಲಿಗಳಲ್ಲಿ ಗುಣವಾಗಿ ಮನುಷ್ಯರಲ್ಲಿ ಸೋತ ಅಲ್ಝೈಮರ್ಸ್ ಔಷಧಗಳ ಪಟ್ಟಿ ಬಹಳ ಉದ್ದ. ಲಿಥಿಯಂ ಅಳತೆ ತಪ್ಪಿದರೆ ಮೂತ್ರಪಿಂಡ, ಥೈರಾಯ್ಡ್ ಎರಡಕ್ಕೂ ಹೊಡೆತ. ಅಂತರ್ಜಾಲದಲ್ಲಿ ತರಿಸಿ ನುಂಗುವ ಸಾಹಸ ಬೇಡ.

ಕಿವಿ ಮಂದವಾಗುವುದು, ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು ಇತ್ಯಾದಿ 14 ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿತು. ಇದು ಹದಿನಾಲ್ಕೂ ಕಾರಣಗಳು ಎಲ್ಲರಲ್ಲೂ ಪೂರ್ತಿ ಇಲ್ಲವಾದರೆ ಎಂಬ ಲೆಕ್ಕ. ಒಬ್ಬರು ಕಿವಿಗೆ ಯಂತ್ರ ಹಾಕಿಕೊಂಡ ಮಾತ್ರಕ್ಕೆ ಅವರ ಅಪಾಯ ಅರ್ಧ ಆಗುವುದಿಲ್ಲ. ಆದರೂ ರಕ್ತದೊತ್ತಡದ ಮಾತ್ರೆಗೆ ಹೃದಯದ ಕಡೆಯಿಂದ ಹೇಗೂ ಲಾಭ ಇದೆ, ಮೆದುಳಿಗೆ ಸಿಕ್ಕಿದ್ದು ಮೇಲೋಗರ.

ಈಗ ಎಲ್ಲರ ಕಣ್ಣಿರುವುದು ಗಾರೆ ಉದುರುವ ಮೊದಲೇ ಪೈಪು ಸರಿಮಾಡಲು ಹೊರಟ ಪ್ರಯೋಗಗಳ ಮೇಲೆ. ಒಂದರಲ್ಲಿ 55ರಿಂದ 80 ವರ್ಷದ, ಮರೆವಿನ ಯಾವ ಲಕ್ಷಣವೂ ಇಲ್ಲದ, ರಕ್ತದಲ್ಲಿ ಪಿ-ಟೌ217 ಮಾತ್ರ ಹೆಚ್ಚಿರುವ ಜನರಿಗೆ ಡೊನಾನೆಮ್ಯಾಬ್ ಅಥವಾ ಬರೀ ಡ್ರಿಪ್ ಕೊಟ್ಟಿದ್ದಾರೆ. ಹಿಂದೆ ಸೊಲನೆಝುಮ್ಯಾಬನ್ನು ಹೀಗೆ ಮುಂಚಿತವಾಗಿ ಕೊಟ್ಟ ಪ್ರಯೋಗ 2023ರಲ್ಲಿ ಸೋತಿತ್ತು, ಆದರೆ ಆ ಔಷಧ ಕೂತ ಕಿಟ್ಟವನ್ನು ಕೀಳುತ್ತಿರಲಿಲ್ಲ. ಇದು ಕೀಳುತ್ತದೆ. ಇಲ್ಲಿ ಕೊನೆಗೆ ಅಳೆಯುವುದು ಕಿಟ್ಟವನ್ನಲ್ಲ. ಅದೇ ಎರಡು ಮಾತುಕತೆ, ಮೊದಲು ಹತ್ತಿರದವರ ಜೊತೆ, ಆಮೇಲೆ ಅವರನ್ನು ಹೊರಗೆ ಕಳಿಸಿ. ಕಳೆದ ವಾರ ಏನಾಯಿತು, ಕಳೆದ ತಿಂಗಳು ಏನಾಯಿತು. ಸೇರುವಾಗ ಎಲ್ಲರ ಅಂಕವೂ ಸೊನ್ನೆ. ಯಾವ ಗುಂಪಿನಲ್ಲಿ ಎಷ್ಟು ಮಂದಿ, ಎಷ್ಟು ದಿನಕ್ಕೆ, ಆ ಸೊನ್ನೆಯಿಂದ ಅರ್ಧಕ್ಕೆ ದಾಟುತ್ತಾರೆ ಎಂದು ಎಣಿಸುತ್ತಾರೆ.